ತಂತಿಯನ್ನು ಸುಮ್ಮನಾಗಿಸುವ ಪಾಠ

ವೀಣೆ ಕಲಿಯಲು ಕುಳಿತವರಿಗೆ ಮೊದಲ ಕೆಲವು ವಾರ ನಾದಕ್ಕಿಂತ ಬೆರಳಿನ ಉರಿಯೇ ಹೆಚ್ಚು. ಹಾರ್ಪ್ ಹಾಗಲ್ಲ. ಮುಕ್ಕೋನದ ಚೌಕಟ್ಟಿಗೆ ಬಿಗಿದ ಈ ವಾದ್ಯದಲ್ಲಿ ಮೆಟ್ಟುಗಳಿಲ್ಲ. ಒಂದು ತಂತಿಗೆ ಒಂದು ಸ್ವರ. ಮಗು ಮೀಟಿದರೂ ಇಂಪಾಗಿಯೇ ಕೇಳುತ್ತದೆ.

ಕಷ್ಟ ಶುರುವಾಗುವುದು ಎರಡನೆಯ ತಂತಿ ಮೀಟಿದಾಗ. ಮೊದಲನೆಯದು ಇನ್ನೂ ಮೊಳಗುತ್ತಲೇ ಇರುತ್ತದೆ. ಐರ್ಲೆಂಡಿನ ಹಳೆಯ ಹಾರ್ಪ್‌ಗಂತೂ ಹಿತ್ತಾಳೆಯ ತಂತಿ. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ಮೀಟಿದ ಬೆರಳೋ ಪಕ್ಕದ ಬೆರಳೋ ಮರಳಿ ಬಂದು ತಂತಿಯನ್ನು ಮುಟ್ಟಿ ಸುಮ್ಮನಾಗಿಸಬೇಕು. ಯಾವ ಸ್ವರವನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಹೊಸಬನ ಬೆವರಿಳಿಯುವುದು ಇಲ್ಲೇ.

ಶತಮಾನಗಳ ಕಾಲ ಇದನ್ನು ಯಾರೂ ಬರೆದಿಡಲಿಲ್ಲ. ಗುರು ನುಡಿಸುತ್ತಿದ್ದ, ಶಿಷ್ಯ ಕೇಳಿ ಕಲಿಯುತ್ತಿದ್ದ. ಶಿಷ್ಯರಲ್ಲಿ ಅಂಧರು ಅನೇಕ. ಅವರಿಗೆ ಅದು ಹೊಟ್ಟೆಪಾಡು ಕೂಡ. ಮೂರನೆಯ ವಯಸ್ಸಿನಲ್ಲಿ ಸಿಡುಬಿನಿಂದ ದೃಷ್ಟಿ ಕಳೆದುಕೊಂಡ ಡೆನಿಸ್ ಹೆಂಪ್ಸನ್‌ಗೆ ಹನ್ನೆರಡರ ಹರೆಯದಲ್ಲಿ ಪಾಠ ಹೇಳಿಕೊಟ್ಟವಳು ಒಬ್ಬ ಹೆಂಗಸು.

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಆಸಕ್ತರು ಅಳಿದುಳಿದ ವಾದಕರನ್ನೆಲ್ಲ ಒಂದೆಡೆ ಕರೆಸಿದರು. ಐರ್ಲೆಂಡಿನವರು ಬಂದದ್ದು ಹತ್ತೇ ಮಂದಿ! ಅವರಲ್ಲಿ ಉದ್ದನೆಯ ಉಗುರಿನಿಂದ ಹಳೆಯ ಕ್ರಮದಲ್ಲಿ ಮೀಟುತ್ತಿದ್ದವನು ತೊಂಬತ್ತು ದಾಟಿದ ಹೆಂಪ್ಸನ್ ಒಬ್ಬನೇ. ಬರೆದುಕೊಳ್ಳಲು ನೇಮಕವಾದವನು ಎಡ್ವರ್ಡ್ ಬಂಟಿಂಗ್ ಎಂಬ 19 ವರ್ಷದ ಆರ್ಗನ್ ವಾದಕ. ಬಂಟಿಂಗ್ ಹಾಡುಗಳನ್ನು ಉಳಿಸಿದನೇನೋ ನಿಜ, ಆದರೆ ಅಚ್ಚಿಗೆ ಕೊಟ್ಟದ್ದು ಪಿಯಾನೋಗೆ ಹೊಂದಿಸಿ. ಧಾಟಿ ಸಿಕ್ಕಿತು, ಕೈ ಸಿಗಲಿಲ್ಲ. 1808ರಲ್ಲಿ ಅಂಧ ಮಕ್ಕಳಿಗಾಗಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ಕಲಿಸುವ ಸಂಘವೊಂದು ಹುಟ್ಟಿತು. ಹಣ ಸಾಲದೆ ಅದೂ ಹೆಚ್ಚು ಕಾಲ ನಡೆಯಲಿಲ್ಲ. ಹೆಂಪ್ಸನ್ ಅದಕ್ಕೆ ಮೊದಲೇ, 1807ರಲ್ಲಿ ತೀರಿಕೊಂಡಿದ್ದ.

ಪುಣ್ಯಕ್ಕೆ, 1840ರ ತನ್ನ ಕೊನೆಯ ಪುಸ್ತಕದಲ್ಲಿ ಬಂಟಿಂಗ್ ಮುದುಕರು ಹೇಳಿದ್ದ ಬೆರಳುಗಾರಿಕೆಯ ಪಟ್ಟಿಯನ್ನೂ ಸೇರಿಸಿದ. ಯಾವ ಬೆರಳು ಮೀಟುತ್ತದೆ, ಯಾವುದು ತಡೆಯುತ್ತದೆ ಎಂಬ ವಿವರ ಅದರಲ್ಲಿದೆ. ಇಂದು ಹಿತ್ತಾಳೆ ತಂತಿಯ ಹಾರ್ಪ್ ಕಲಿಯುವವರು ಆ ಪಟ್ಟಿಯನ್ನೂ ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದಲ್ಲಿರುವ ಅವನ ಹಸ್ತಪ್ರತಿಗಳನ್ನೂ ಮುಂದಿಟ್ಟುಕೊಂಡು, ವಾದ್ಯವನ್ನು ಎಡಭುಜಕ್ಕೆ ಒರಗಿಸಿ, ತಾರಸ್ವರಗಳನ್ನು ಎಡಗೈಯಲ್ಲಿ ನುಡಿಸುತ್ತ ತಡಕಾಡುತ್ತಾರೆ. ಈಗಿನ ಸಾಮಾನ್ಯ ಹಾರ್ಪ್ ಒರಗುವುದು ಬಲಭುಜಕ್ಕೆ.

ನಮಗೆ ಅಂಥ ಪಟ್ಟಿಯೂ ಇಲ್ಲ. ಚರಿತ್ರೆಯ ಪಾಠದಲ್ಲಿ ‘ವೀಣೆ ನುಡಿಸುವ ಸಮುದ್ರಗುಪ್ತ’ನ ಚಿನ್ನದ ನಾಣ್ಯವನ್ನು ನೋಡಿದ್ದೀರಷ್ಟೆ? ಅವನ ತೊಡೆಯ ಮೇಲಿರುವುದು ಇಂದಿನ ವೀಣೆಯಲ್ಲ, ಬಿಲ್ಲಿನಂತೆ ಬಾಗಿದ ಹಾರ್ಪ್. ಆಗ ವೀಣೆಯೆಂದರೆ ಅದೇ. ತಮಿಳರ ಯಾಳ್ ಕೂಡ ಇದೇ ಬಳಗದ್ದು. ಅವನ್ನು ಕಲಿಸುತ್ತಿದ್ದ ಪರಂಪರೆ ನಮ್ಮಲ್ಲಿ ಕಡಿದುಹೋಯಿತು. ಬಿಲ್ಲಿನಾಕಾರದ ಹಾರ್ಪ್ ಅನ್ನು ಗುರುವಿನ ಎದುರು ಕುಳಿತು ಪಕ್ಕದ ಬರ್ಮಾದಲ್ಲಿ ಇಂದಿಗೂ ಕಲಿಯಬಹುದು. ಅಲ್ಲಿ ಅದರ ಹೆಸರು ಸೌಂಗ್, ತಂತಿಗಳು 16.