ಅಂಕ ಇಳಿಯಿತು, ಸಂಬಳ ಏರಿತು

ಗೆಳೆಯರ ಸಹವಾಸದಿಂದ ಓದು ಕೆಡುತ್ತದೆ ಎಂಬ ಹೆತ್ತವರ ದೂರಿಗೆ ಅಮೆರಿಕದ ಅರ್ಥಶಾಸ್ತ್ರಜ್ಞರು ಲೆಕ್ಕದ ಆಧಾರ ಒದಗಿಸಿದ್ದಾರೆ. ಜೊತೆಗೇ ಆ ದೂರನ್ನು ತಲೆಕೆಳಗು ಮಾಡುವ ಇನ್ನೊಂದು ಅಂಕಿಯನ್ನೂ ಕೊಟ್ಟಿದ್ದಾರೆ. ಯೂನಿಯನ್ ಕಾಲೇಜಿನ ಲೂಯಿಸ್ ಡೇವಿಸ್, ಸ್ಟೀಫನ್ ಶ್ಮಿಟ್ ಮತ್ತು ಅವರ ಜೊತೆಗಾರ ಜ್ಯಾಕ್ ಮಾರಾ ಅಮೆರಿಕದ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಸಮೀಕ್ಷೆ ಮಾಡಿ, 2018ರಲ್ಲಿ ಅಧ್ಯಯನ ಪ್ರಕಟಿಸಿದರು. ಫ್ರೆಟರ್ನಿಟಿ ಎಂಬ ಸಂಘ ಸೇರಿದ ಹುಡುಗರ ಸರಾಸರಿ ಅಂಕ, ನಾಲ್ಕರ ಮಾಪನದಲ್ಲಿ, ಸುಮಾರು 0.25ರಷ್ಟು ಕುಸಿಯುತ್ತದೆ. ಅದೇ ಹುಡುಗರ ಮುಂದಿನ ಆದಾಯ ಮಾತ್ರ ಸುಮಾರು ಶೇ 36ರಷ್ಟು ಹೆಚ್ಚಿರುತ್ತದೆ.

ಇದು ಒಂದೇ ಕಾಲೇಜಿನ ಕಥೆ, ಎಲ್ಲ ಕಡೆಗೂ ಹಾಗೇ ಅನ್ವಯಿಸುವುದಿಲ್ಲ. ಆದರೂ ಕಡಿಮೆ ಓದಿದವನಿಗೆ ಹೆಚ್ಚು ಸಂಬಳ ಹೇಗೆ ಬಂತು ಎಂಬ ಪ್ರಶ್ನೆ ಉಳಿಯುತ್ತದೆ.

ಫ್ರೆಟರ್ನಿಟಿ ಎಂದರೆ ಅಮೆರಿಕದ ಕಾಲೇಜುಗಳಲ್ಲಿ ಪದವಿ ಓದುವ ಹುಡುಗರು ಕಟ್ಟಿಕೊಂಡ ಸಂಘ. ಹುಡುಗಿಯರ ಸಂಘಕ್ಕೆ ಸೊರೊರಿಟಿ ಎನ್ನುತ್ತಾರೆ. ಹೆಸರಿಗೆ ಎರಡು ಮೂರು ಗ್ರೀಕ್ ಅಕ್ಷರ, ಗುಟ್ಟಿನ ವಿಧಿಗಳು, ಎದೆಗೊಂದು ಬ್ಯಾಡ್ಜು, ಅನೇಕ ಕಡೆ ಸದಸ್ಯರೆಲ್ಲ ಒಟ್ಟಿಗೆ ವಾಸಿಸುವ ದೊಡ್ಡ ಮನೆ. ಗ್ರೀಕ್ ಅಕ್ಷರಗಳ ಮೊದಲ ಸಂಘ ಫೈ ಬೀಟಾ ಕಪ್ಪಾ 1776ರಲ್ಲಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ವರ್ಷವೇ, ವರ್ಜೀನಿಯಾದಲ್ಲಿ ಹುಟ್ಟಿತು. ಅದು ಮುಂದೆ ಪ್ರತಿಭಾವಂತರ ಗೌರವ ಸಂಸ್ಥೆಯಾಯಿತು. ಇಂದಿನ ಮಾದರಿಯ ಫ್ರೆಟರ್ನಿಟಿಯ ಬೇರು ಇರುವುದು 1825ರಲ್ಲಿ ಯೂನಿಯನ್ ಕಾಲೇಜಿನಲ್ಲಿ ಶುರುವಾದ ಕಪ್ಪಾ ಆಲ್ಫಾ ಸೊಸೈಟಿಯಲ್ಲಿ.

ಸೇರುವುದು ಅರ್ಜಿ ತುಂಬಿದಷ್ಟು ಸುಲಭವಲ್ಲ. 'ರಶ್' ಎಂದು ಕರೆಯುವ ದಿನಗಳಲ್ಲಿ ಹೊಸ ವಿದ್ಯಾರ್ಥಿಗಳು ಮನೆಯಿಂದ ಮನೆಗೆ ಸುತ್ತಿ ಸೀನಿಯರ್‌ಗಳ ಜೊತೆ ಮಾತಾಡಬೇಕು. ಊರು ಯಾವುದು, ಯಾವ ಆಟ ಆಡುತ್ತೀಯ, ರಜೆಯಲ್ಲಿ ಏನು ಮಾಡಿದೆ ಎಂಬಂಥ ಹರಟೆಯೇ ಅಲ್ಲಿ ಪರೀಕ್ಷೆ. ಹಿಡಿಸಿದವರಿಗೆ ಕರೆ ಬರುತ್ತದೆ. ಆಮೇಲೆ ಕೆಲವು ವಾರ ಉಮೇದುವಾರಿಕೆ. ಹೊಸಬನಿಗೊಬ್ಬ 'ಬಿಗ್ ಬ್ರದರ್', ಅಂದರೆ ಕೈಹಿಡಿದು ನಡೆಸುವ ಸೀನಿಯರ್, ನಿಗದಿಯಾಗುತ್ತಾನೆ.

ಒಳಗೆ ಹೋದ ಮೇಲೆ ಹುಡುಗರು ಕಲಿಯುವುದು ಪಠ್ಯದಲ್ಲಿ ಇಲ್ಲದ್ದು. ಇಪ್ಪತ್ತು ವರ್ಷದ ಖಜಾಂಚಿ ಸದಸ್ಯರಿಂದ ವಂತಿಗೆ ವಸೂಲಿ ಮಾಡಿ ಅಡುಗೆಯವರ ಸಂಬಳ, ಕರೆಂಟ್ ಬಿಲ್ಲು, ವಿಮೆಯ ಕಂತು ಕಟ್ಟುತ್ತಾನೆ. ಬಾಕಿ ಉಳಿಸಿಕೊಂಡ ಗೆಳೆಯನನ್ನು ಸ್ನೇಹ ಕೆಡದಂತೆ ಕೇಳುವುದು ಹೇಗೆಂದು ಅವನಿಗೆ ಯಾವ ಪ್ರೊಫೆಸರೂ ಹೇಳಿಕೊಡುವುದಿಲ್ಲ. ಅಧ್ಯಕ್ಷನಾದವನು ವಾರದ ಸಭೆ ನಡೆಸಬೇಕು, ಜಗಳ ಬಿಡಿಸಬೇಕು, ಕಾಲೇಜಿನ ಆಡಳಿತಕ್ಕೆ ಉತ್ತರ ಕೊಡಬೇಕು. ದೇಣಿಗೆ ಎತ್ತುವ ಕಾರ್ಯಕ್ರಮಗಳ ಹೊಣೆ ಇನ್ನೊಬ್ಬನದು. ಸಂದರ್ಶನದಲ್ಲಿ 'ತಂಡ ನಡೆಸಿದ ಅನುಭವ ಇದೆಯೇ' ಎಂದು ಕೇಳಿದಾಗ ಇವರ ಬಳಿ ಹೇಳಲು ಸರಕು ಇರುತ್ತದೆ.

ಅದಕ್ಕಿಂತ ಬೆಲೆಬಾಳುವುದು ಪರಿಚಯ. ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ಬ್ರೂಸ್ ಸ್ಯಾಸರ್ಡೋಟ್ ಇದನ್ನು ಬಿಡಿಸಿ ನೋಡಿದವರು. ಅಲ್ಲಿ ಹಾಸ್ಟೆಲ್ ಕೋಣೆಗೆ ಜೊತೆಗಾರರನ್ನು ಚೀಟಿ ಎತ್ತಿದಂತೆ ಹಂಚುತ್ತಿದ್ದರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕೋಣೆಯ ಸಂಗಾತಿ ಯಾರು ಎಂಬುದು ಅಂಕದ ಮೇಲೂ ಫ್ರೆಟರ್ನಿಟಿ ಸೇರುವ ನಿರ್ಧಾರದ ಮೇಲೂ ಪ್ರಭಾವ ಬೀರುತ್ತದೆ, ಯಾವ ವಿಷಯ ಓದಬೇಕೆಂಬ ಆಯ್ಕೆಯ ಮೇಲಲ್ಲ. ಮರುವರ್ಷ ಡೇವಿಡ್ ಮಾರ್ಮರೋಸ್ ಜೊತೆ ಸೇರಿ ಅವರು ಅಂತಿಮ ವರ್ಷದವರ ಮೊದಲ ನೌಕರಿಯ ಜಾಡು ಹಿಡಿದರು. ಫ್ರೆಟರ್ನಿಟಿ, ಸೊರೊರಿಟಿಯ ಬಳಗದಿಂದ ಮತ್ತು ಹಳೆಯ ವಿದ್ಯಾರ್ಥಿಗಳಿಂದ ನೆರವು ಪಡೆದವರಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕವರು ಹೆಚ್ಚಿದ್ದರು. ಯಾವ ಕಂಪನಿಯಲ್ಲಿ ಜಾಗ ಖಾಲಿ ಇದೆ, ಯಾರಿಗೆ ಫೋನ್ ಮಾಡಬೇಕು ಎಂಬುದು ಅಂಕಪಟ್ಟಿಯಲ್ಲಿ ಸಿಗುವ ಮಾಹಿತಿಯಲ್ಲ.

ಸದಸ್ಯರಾಗಿದ್ದ ಗಣ್ಯರ ಪಟ್ಟಿ ಉದ್ದವೇ ಇದೆ. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಮಿಸೌರಿಯಲ್ಲಿ ಬೀಟಾ ಥೀಟಾ ಪೈ ಸದಸ್ಯ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಫೈ ಡೆಲ್ಟಾ ಥೀಟಾ ಸೇರಿದ್ದ ನೀಲ್ ಆರ್ಮ್‌ಸ್ಟ್ರಾಂಗ್, 1969ರಲ್ಲಿ ಚಂದ್ರನತ್ತ ಹೊರಟಾಗ ಅದರ ಬ್ಯಾಡ್ಜನ್ನೂ ಒಯ್ದಿದ್ದರು. ಆದರೆ ಆರ್ಮ್‌ಸ್ಟ್ರಾಂಗ್‌ರನ್ನು ಚಂದ್ರನಿಗೆ ಮುಟ್ಟಿಸಿದ್ದು ಬ್ಯಾಡ್ಜಲ್ಲ. ಉಳ್ಳವರ ಮಕ್ಕಳೇ ಹೆಚ್ಚಾಗಿ ಸೇರುವ ಸಂಘದಿಂದ ಉಳ್ಳವರೇ ಹೊರಬಂದರೆ, ಅದರಲ್ಲಿ ಸಂಘದ ಪಾಲೆಷ್ಟು, ಮನೆತನದ ಪಾಲೆಷ್ಟು ಎಂದು ಅಳೆಯುವುದು ಕಷ್ಟ.

ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಅನೇಕ ಫ್ರೆಟರ್ನಿಟಿಗಳ ನಿಯಮಾವಳಿಯಲ್ಲೇ ಬಿಳಿಯರಿಗೆ, ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂದು ಬರೆದಿತ್ತು. ಹೊರಗೆ ಉಳಿದವರು ತಮ್ಮವೇ ಸಂಘ ಕಟ್ಟಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು, ಒಂಟಿತನ ತಾಳದೆ ಅರ್ಧಕ್ಕೆ ಓದು ಬಿಟ್ಟವರೂ ಇದ್ದರು. ಒಬ್ಬರಿಗೊಬ್ಬರು ಆಸರೆಯಾಗಲೆಂದು ಶುರುವಾದ ಓದುಗುಂಪೇ 1906ರ ಡಿಸೆಂಬರ್‌ನಲ್ಲಿ ಆಲ್ಫಾ ಫೈ ಆಲ್ಫಾ ಆಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದರ ಸದಸ್ಯರು. ಮಾರ್ಟಿನ್ ಲೂಥರ್ ಕಿಂಗ್ ಬಾಸ್ಟನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, 1952ರಲ್ಲಿ, ಇದನ್ನು ಸೇರಿದರು. ಕಿಂಗ್ ಅವರಿಗೆ ವಾಷಿಂಗ್ಟನ್‌ನಲ್ಲಿ ಸ್ಮಾರಕ ಬೇಕೆಂದು 1984ರಲ್ಲಿ ಮಾತೆತ್ತಿದ್ದು ಈ ಸಂಘವೇ. ಸಂಸತ್ತಿನ ಒಪ್ಪಿಗೆ ಸಿಕ್ಕಿ, ದೇಣಿಗೆ ಕೂಡಿ, ಕೊನೆಗೆ 2011ರಲ್ಲಿ ಸ್ಮಾರಕ ಲೋಕಾರ್ಪಣೆಯಾಯಿತು.

ಕಪ್ಪು ಜನಾಂಗದ ಸಂಘಗಳಲ್ಲಿ ಸದಸ್ಯತ್ವ ಕಾಲೇಜಿನ ಜೊತೆ ಮುಗಿಯುವುದಿಲ್ಲ. ಪದವಿ ಮುಗಿಸಿದವರಿಗೂ ಊರೂರಲ್ಲಿ ಶಾಖೆಗಳಿವೆ, ನೌಕರಿಗೆ ಸೇರಿದ ಮೇಲೆ ಸದಸ್ಯರಾಗುವವರೂ ಇದ್ದಾರೆ. 1908ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಆಲ್ಫಾ ಕಪ್ಪಾ ಆಲ್ಫಾ ಸೊರೊರಿಟಿಗೆ ಕಮಲಾ ಹ್ಯಾರಿಸ್ 1986ರಲ್ಲಿ ಸೇರಿದರು. 2020ರಲ್ಲಿ ಅವರು ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ಚುನಾವಣಾ ನಿಧಿಗೆ ಸಾವಿರಾರು ಜನರಿಂದ ತಲಾ 19.08 ಡಾಲರ್ ಬಂತು. ಸೊರೊರಿಟಿ ಹುಟ್ಟಿದ ವರ್ಷವನ್ನೇ ಸದಸ್ಯೆಯರು ದೇಣಿಗೆಯ ಮೊತ್ತ ಮಾಡಿಕೊಂಡಿದ್ದರು.

ಭಾರತದಿಂದ ಹೋದವರ ಮಕ್ಕಳೂ ಇದೇ ಹಾದಿ ಹಿಡಿದರು. ದಕ್ಷಿಣ ಏಷ್ಯಾ ಮೂಲದವರಿಗೆಂದು 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್‌ನಲ್ಲಿ ಐಯೋಟಾ ನೂ ಡೆಲ್ಟಾ ಹುಟ್ಟಿತು. ಮನೆಯಲ್ಲಿ ಸಾರು ಅನ್ನ, ಹೊರಗೆ ಪಿಜ್ಜಾ ಎಂದು ಬೆಳೆದ ಹುಡುಗರಿಗೆ ಇಲ್ಲಿ ಎರಡನ್ನೂ ವಿವರಿಸಿ ಹೇಳುವ ತಾಪತ್ರಯವಿಲ್ಲ.

ಈ ಸಂಘಗಳಿಗೆ ಕರಾಳ ಮುಖವೂ ಇದೆ. ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದಕ್ಕೆ ಅಲ್ಲಿ ಹೇಝಿಂಗ್ ಎನ್ನುತ್ತಾರೆ. ಸ್ಯಾಮ್ ವಾಲ್ಟನ್ ಸೇರಿದ್ದ ಅದೇ ಬೀಟಾ ಥೀಟಾ ಪೈಯ ಪೆನ್ ಸ್ಟೇಟ್ ಶಾಖೆಯಲ್ಲಿ, 2017ರ ಫೆಬ್ರುವರಿಯಲ್ಲಿ, ಹತ್ತೊಂಬತ್ತು ವರ್ಷದ ಹೊಸ ಸದಸ್ಯನಿಗೆ ಸ್ವಲ್ಪ ಹೊತ್ತಿನಲ್ಲೇ ವಿಪರೀತ ಮದ್ಯ ಕುಡಿಸಲಾಯಿತು. ಮೆಟ್ಟಿಲಿನಿಂದ ಉರುಳಿ ಬಿದ್ದ ಅವನನ್ನು ಸುತ್ತಲಿದ್ದವರು ರಾತ್ರಿಯಿಡೀ ಆಸ್ಪತ್ರೆಗೆ ಸೇರಿಸಲಿಲ್ಲ. ಮನೆಯ ಕ್ಯಾಮೆರಾಗಳಲ್ಲಿ ಅದು ದಾಖಲಾಗಿತ್ತು. ಹುಡುಗ ಸತ್ತ. ಒಬ್ಬರಿಗೊಬ್ಬರು ಬಿಟ್ಟುಕೊಡಬಾರದೆಂಬ ಬಂಧವೇ ಅಲ್ಲಿ ಬಾಯಿ ಕಟ್ಟಿಹಾಕಿತ್ತು. ಮರುವರ್ಷ ಪೆನ್ಸಿಲ್ವೇನಿಯಾ ರಾಜ್ಯ ಕಠಿಣ ಕಾನೂನು ತಂದಿತು. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯೂ ಬಂತು.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಮಾಡಲು ಹೋಗುವವರನ್ನು ಸಾಮಾನ್ಯವಾಗಿ ಈ ಸಂಘಗಳು ಕರೆಯುವುದಿಲ್ಲ, ಅವುಗಳ ಕಣ್ಣಿರುವುದು ಪದವಿ ತರಗತಿಯವರ ಮೇಲೆ. ಅಂಥವರಿಗೆ ಡಾರ್ಟ್‌ಮತ್ ಅಧ್ಯಯನದ ಇನ್ನರ್ಧ ಉಪಯೋಗಕ್ಕೆ ಬರುತ್ತದೆ: ತಮ್ಮದೇ ವಿಭಾಗದ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆಯಲು ಯಾವ ಬ್ಯಾಡ್ಜೂ ಬೇಕಿಲ್ಲ. ಪದವಿಗೇ ಮಕ್ಕಳನ್ನು ಕಳಿಸುವ ಹೆತ್ತವರು ಮಾತ್ರ ವಂತಿಗೆ ಎಷ್ಟು, ವಾಸ ಕಡ್ಡಾಯವೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಯಾವ ಸಂಘ ಹೇಝಿಂಗ್ ನಿಯಮ ಮುರಿದು ಸಿಕ್ಕಿಬಿದ್ದಿದೆ ಎಂಬ ವರದಿಯನ್ನು ಹೊಸ ಕಾಯ್ದೆಯ ಪ್ರಕಾರ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು, ಮಗ ಸಹಿ ಹಾಕುವ ಮುನ್ನ ಊರಲ್ಲೇ ಕೂತು ಅದನ್ನು ಓದಬಹುದು.