ಕಾರ್ಯಾಗಾರವೇ ಶಾಲೆಯಾದಾಗ: ಪಶ್ಚಿಮ ಕರಾವಳಿಯ ವೃತ್ತಿಶಿಕ್ಷಣ

ವಸಾಹತು ಕಾಲದ ತಾಂತ್ರಿಕ ಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಶಾಲಾ ಕಾಲೇಜುಗಳ ಸ್ಥಾಪನೆಯ ಚರಿತ್ರೆಯೆಂದೇ ಬರೆಯಲಾಗಿದೆ. ಪಶ್ಚಿಮ ಕರಾವಳಿಯ ಮೂರು ನಗರಗಳನ್ನು ಒಟ್ಟಿಗೆ ಇರಿಸಿ ನೋಡಿದರೆ, ಕಾರ್ಯಾಗಾರಗಳಿಗೂ ಆ ಚರಿತ್ರೆಯಲ್ಲಿ ಸಮಾನ ಸ್ಥಾನ ಸಲ್ಲಬೇಕೆಂದು ನಮಗೆ ತೋರುತ್ತದೆ.

ಪೋರ್ಚುಗೀಸರ ಅಧೀನದಲ್ಲಿದ್ದ ಕೊಚ್ಚಿಯಲ್ಲಿ ಜೆಸುಯಿಟ್ ಪಾದ್ರಿಗಳು 1579ರಲ್ಲಿಯೇ ತಮಿಳು ಪುಸ್ತಕವೊಂದನ್ನು ಅಚ್ಚುಮಾಡಿಸಿದರು. ಮುದ್ರಣವಿದ್ಯೆ ಈ ತೀರಕ್ಕೆ ಧರ್ಮಪ್ರಚಾರದ ಅಂಗವಾಗಿ ಬಂದಿತು. ತಿರುವನಂತಪುರದಲ್ಲಿ ಕ್ರಮ ಬೇರೆ. ಬ್ರಿಟಿಷರ ಅಧಿರಾಜತ್ವಕ್ಕೆ ಒಳಪಟ್ಟಿದ್ದ ತಿರುವಾಂಕೂರು ಸಂಸ್ಥಾನವು ಅಲ್ಲಿ 1888ರಲ್ಲಿ ಕಲಾಶಾಲೆಯನ್ನೂ 1939ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಕೈಕಸುಬಿನ ಶಾಲೆಗೂ ಪದವಿಯ ಕಾಲೇಜಿಗೂ ನಡುವೆ ಅರ್ಧ ಶತಮಾನದ ಅಂತರವಿದೆ.

ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಂಗಳೂರಿನಲ್ಲಿ ಕಸುಬಿನ ಶಿಕ್ಷಣಕ್ಕೆ ಕಾರಣವಾದುದು ಜೀವನೋಪಾಯದ ಸಮಸ್ಯೆ. 1834ರಲ್ಲಿ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಜಾತಿಯ ಆಶ್ರಯವನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಒದಗಿಸಬೇಕಾಯಿತು. 1841ರಲ್ಲಿ ಮುದ್ರಣಾಲಯ, 1850ರ ದಶಕದಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ ಕ್ರಮವಾಗಿ ತಲೆಯೆತ್ತಿದವು. ಮಲಬಾರಿನ ಕೋಡಕ್ಕಲ್, ಫೆರೋಕ್‌ಗಳಿಗೂ ಹಂಚಿನ ಉದ್ಯಮ ಹಬ್ಬಿತು. ಇಲ್ಲಿ ಕಲಿಕೆ ಕೆಲಸದೊಳಗೇ ನಡೆಯುತ್ತಿತ್ತು. ಪ್ರಮಾಣಪತ್ರದ ಬದಲು ಕೂಲಿ ದೊರೆಯುತ್ತಿತ್ತು. ಆದರೆ ಕೂಲಿ ಕೊಡುವವರೂ ಸಭೆಯನ್ನು ನಡೆಸುವವರೂ ಒಬ್ಬರೇ ಆಗಿದ್ದುದರಿಂದ ಕಲಿತವನ ಸ್ವಾತಂತ್ರ್ಯ ಪರಿಮಿತವಾಗಿತ್ತೆಂಬುದನ್ನು ಮರೆಯಲಾಗದು. ಮೊದಲನೆಯ ಮಹಾಯುದ್ಧದ ನಂತರ ಈ ಉದ್ಯಮಗಳು ಮಿಶನ್ನಿನ ಕೈತಪ್ಪಿದವು.

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈ ಚರಿತ್ರೆ ಹೊರಗಿನದಲ್ಲ. 1843ರ ‘ಮಂಗಳೂರ ಸಮಾಚಾರ’ ಈ ಮುದ್ರಣಾಲಯದ್ದು. ಮೋಗ್ಲಿಂಗ್ ಅವರ ಮುಂದಾಳುತನದಲ್ಲಿ 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇಲ್ಲಿಯೇ ಕಲ್ಲಚ್ಚಿನಲ್ಲಿ ಹೊರಬಂದವು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಕಲ್ಲಚ್ಚಿಗೆ ಮೊದಲು ಒಬ್ಬ ಲಿಪಿಕಾರ ಕೈಯಿಂದ ಬರೆಯಬೇಕು. ಮೊಳೆಯಚ್ಚಿಗೆ ಒಬ್ಬ ಅಕ್ಷರಗಳನ್ನು ಜೋಡಿಸಬೇಕು. ಓಲೆಗರಿಯ ಪ್ರತಿಕಾರನಂತೆ ಇವರೂ ಪಾಠದ ವಾಹಕರು. ಅಕ್ಷರಸ್ಖಲನಕ್ಕೂ ಪಾಠಾಂತರಕ್ಕೂ ಇವರ ಕೈ ಕಾರಣವಾಗಬಹುದು.

ಆದುದರಿಂದ ಹಳೆಯ ಮುದ್ರಿತ ಪ್ರತಿಗಳನ್ನು ಆಧರಿಸುವ ಸಂಶೋಧಕರು ಸಂಪಾದಕನ ಹೆಸರಿನೊಂದಿಗೆ ಮುದ್ರಣಾಲಯವನ್ನೂ ಅಚ್ಚಿನ ಕ್ರಮವನ್ನೂ ದಾಖಲಿಸುವುದು ಅವಶ್ಯಕ. ತಾಂತ್ರಿಕ ಶಿಕ್ಷಣದ ಚರಿತ್ರೆ ಅಲ್ಲಿ ಗ್ರಂಥಸಂಪಾದನಶಾಸ್ತ್ರದ ಭಾಗವೇ ಆಗುತ್ತದೆ.