ಎಲ್ಲ ಸೀನೂ ನೆಗಡಿಯಲ್ಲ

ಪುಣೆಯಲ್ಲಿ ಮಳೆ ಹಿಂದೆ ಸರಿಯುವ ಹೊತ್ತು. ನನ್ನ ಏಳನೇ ತರಗತಿಯ ಒಬ್ಬ ಹುಡುಗಿ ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಒಂದೇ ಸಮನೆ ಎಂಟು ಹತ್ತು ಸಲ ಸೀನುತ್ತಿದ್ದಳು. ಉಳಿದ ಮಕ್ಕಳಿಗೆ ಅಂಟೋದು ಬೇಡ ಅಂತ ನಾನೇ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದೆ. ಮೂರು ವಾರ ಅಲ್ಲೇ ಕೂತಳು. ಒಂದು ದಿನವೂ ಜ್ವರ ಬರಲಿಲ್ಲ, ಪಕ್ಕದಲ್ಲಿ ಕೂತವರಿಗೆ ಏನೂ ಅಂಟಲಿಲ್ಲ. ಈ ಎರಡು ಸಂಗತಿಗಳನ್ನು ಸೇರಿಸಿ ಯೋಚಿಸಿದ್ದರೆ ನನಗೆ ಆಗಲೇ ತಿಳಿಯಬೇಕಿತ್ತು.

ನಮ್ಮ ಮಾತೂ ಇದಕ್ಕೆ ಒಂದಿಷ್ಟು ಕಾರಣ ಅನ್ನಿಸುತ್ತದೆ. ಮನೆಯ ಉರ್ದುವಿನಲ್ಲಿ ಮೂಗು ಸುರಿದರೆ ಎಲ್ಲವೂ ನಜ್ಲಾ-ಜುಕಾಮ್. ಕನ್ನಡದಲ್ಲಿ ಎಲ್ಲವೂ ನೆಗಡಿ, ಇಲ್ಲವೇ ಶೀತ. ಶೀತ ಅಂದಮೇಲೆ ಮೊಸರು, ಬಾಳೆಹಣ್ಣು ಬಂದ್, ಜೋಶಾಂದಾ ಶುರು. ಆ ಹುಡುಗಿಯ ಮನೆಯಲ್ಲೂ ಹಾಗೇ ಆಗಿತ್ತು. ಜೋಶಾಂದಾ ಕುಡಿದರೆ ಗಂಟಲಿಗೆ ಹಿತ, ಅದು ನಿಜ. ಆದರೆ ಗಾಳಿಯಲ್ಲಿರುವ ಪರಾಗಕ್ಕೆ ಅದರಿಂದ ಏನಾಗಬೇಕು?

ನೆಗಡಿ ತರುವುದು ವೈರಸ್. ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅಲರ್ಜಿಯಲ್ಲಿ ಹೊರಗಿನ ರೋಗಾಣು ಯಾವುದೂ ಇಲ್ಲ. ನಿರುಪದ್ರವಿ ಪರಾಗವನ್ನೋ ಬೂಷ್ಟನ್ನೋ ದೇಹ ಶತ್ರು ಅಂತ ತಪ್ಪು ತಿಳಿದು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದು ನರದ ತುದಿಗಳನ್ನು ಕೆರಳಿಸುತ್ತದೆ, ತುರಿಕೆ ಹುಟ್ಟುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ತುರಿಸುತ್ತಾ?’ ಅನ್ನುವುದು. ಕಣ್ಣು, ಮೂಗಿನ ಒಳಗೆ, ಅಂಗಳ, ಕೆಲವರಿಗೆ ಕಿವಿಯೊಳಗೂ. ನೆಗಡಿಯಲ್ಲಿ ಕಣ್ಣು ಹೀಗೆ ತುರಿಸುವುದು ಅಪರೂಪ. ಮಗು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಲೇ ಇದ್ದರೆ ಗಮನಿಸಿ. ಬಹಳ ದಿನ ಹೀಗೆ ಉಜ್ಜಿದ ಮೂಗಿನ ಮೇಲೆ ಒಂದು ಅಡ್ಡಗೆರೆಯೂ ಮೂಡುತ್ತದೆ.

ಎರಡನೆಯದು ದಿನಗಳ ಲೆಕ್ಕ. ನೆಗಡಿ ಸಾಮಾನ್ಯವಾಗಿ ಗಂಟಲು ಕೆರೆತದಿಂದ ಶುರುವಾಗಿ 7ರಿಂದ 10 ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮಾತ್ರ ಇನ್ನೂ ಸ್ವಲ್ಪ ದಿನ ಎಳೆಯಬಹುದು. ಅಲರ್ಜಿ ವಾರಗಟ್ಟಲೆ ಇರುತ್ತದೆ, ಮೂಗಿನಿಂದ ನೀರಿನಂಥ ತಿಳಿ ಸಿಂಬಳ, ಬರುವ ವರ್ಷ ಅದೇ ತಿಂಗಳಲ್ಲಿ ಮತ್ತೆ ಹಾಜರು. ನಾವು ಕಾಂಗ್ರೆಸ್ ಗಿಡ ಅನ್ನುವ, ಇಲ್ಲಿನವರು ಗಾಜರ್ ಗವತ್ ಅನ್ನುವ ಪಾರ್ಥೇನಿಯಂ ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಮಳೆ ಬಿದ್ದಮೇಲೆ ಖಾಲಿ ಸೈಟು, ರೈಲು ಹಳಿಯ ಅಂಚು ಎಲ್ಲ ಕಡೆ ಅದರ ಬಿಳಿ ಹೂವು. ನಮ್ಮ ಶಾಲೆಯ ಕಾಂಪೌಂಡಿನ ಹಿಂದೆಯೂ ಇದೆ.

ಫ್ಲೂ ಹೀಗಲ್ಲ. ನಿನ್ನೆ ಚೆನ್ನಾಗಿದ್ದವರು ಇವತ್ತು ಏಳಲಾರರು: ಜೋರು ಜ್ವರ, ಮೈಕೈ ನೋವು, ಸುಸ್ತು. ಗೊಂದಲ ಯಾಕೆ ಅಂದರೆ ನಮ್ಮ ದೇಶದಲ್ಲಿ ಫ್ಲೂ ವರ್ಷದ ಆರಂಭದಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಏರುತ್ತದೆ. ಪರಾಗದ ಕಾಲವೂ ಅದರ ಬೆನ್ನಿಗೇ ಬರುತ್ತದೆ. ಕೋವಿಡ್ ಅಂತೂ ಕೆಲವೊಮ್ಮೆ ಬರಿಯ ನೆಗಡಿಯ ಹಾಗೇ ಇರುತ್ತದೆ, ಪರೀಕ್ಷೆ ಮಾಡಿಸದೆ ಹೇಳಲಾಗದು. ಅಲರ್ಜಿಗೆ ಮಾತ್ರ ಜ್ವರ ಇಲ್ಲ. ಜ್ವರ ಇದ್ದರೆ ಅಲರ್ಜಿ ಅಂತ ಸುಮ್ಮನಾಗಬೇಡಿ.

ಮೆಡಿಕಲ್ ಶಾಪಿನ ಕೌಂಟರ್‌ನಲ್ಲಿ ‘ಭಯ್ಯಾ, ಜುಕಾಮ್ ಕಾ ಗೋಲಿ’ ಅಂತ ಕೇಳಿ ಆ್ಯಂಟಿಬಯಾಟಿಕ್ ತರುವವರಿಗೆ ಒಂದು ಮಾತು. ಅದು ಬ್ಯಾಕ್ಟೀರಿಯಾಕ್ಕೆ. ನೆಗಡಿಯ ವೈರಸ್ಸಿಗೂ ನಾಟದು, ಅಲರ್ಜಿಗೂ ನಾಟದು. ಸಿಂಬಳ ಹಳದಿ ಆದ ಮಾತ್ರಕ್ಕೆ ಅದು ಬೇಕಾಗಿಲ್ಲ. ಇನ್ನು ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್‌ಫೆನಿರಮೈನ್ ನಿದ್ದೆ ತರಿಸುತ್ತದೆ. ಪರೀಕ್ಷೆಯ ಬೆಳಿಗ್ಗೆ ಅದನ್ನು ನುಂಗಿ ಬಂದು ಪೇಪರ್ ಮೇಲೇ ತೂಕಡಿಸಿದ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ.

ಆ ಹುಡುಗಿಯ ವಿಷಯ ಅಲ್ಲಿಗೇ ಮುಗಿಯಲಿಲ್ಲ. ರಾತ್ರಿ ಮಲಗಿದಾಗ ಅವಳ ಎದೆಯಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬರುತ್ತದೆ ಅಂತ ಅಮ್ಮಿ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಹೇಳಿದರು, ಅದೂ ಏನೋ ಚಿಕ್ಕ ಮಾತು ಅನ್ನುವ ಹಾಗೆ. ಮೂಗಿನ ಅಲರ್ಜಿ ಇರುವವರಲ್ಲಿ ಆಸ್ತಮಾ ಜೊತೆಗಿರುವುದು ಅಪರೂಪವಲ್ಲ. ಡಾಕ್ಟರು ನೋಡಿ ಇನ್‌ಹೇಲರ್ ಕೊಟ್ಟರು. ‘ಹೆಣ್ಣುಮಗು, ಪಂಪ್ ಅಭ್ಯಾಸ ಆಗಿಬಿಟ್ಟರೆ?’ ಅಂತ ಮನೆಯವರಿಗೆ ಭಯ. ಅದು ಚಟ ಹಿಡಿಸುವ ಔಷಧ ಅಲ್ಲ, ಸೀದಾ ಶ್ವಾಸನಾಳಕ್ಕೇ ಹೋಗುವುದರಿಂದ ಕಡಿಮೆ ಪ್ರಮಾಣ ಸಾಕು ಅಂತ ಡಾಕ್ಟರೇ ಎರಡು ಸಲ ವಿವರಿಸಬೇಕಾಯಿತು.

ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ, ಮಾತು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಅಲರ್ಜಿಯೋ ನೆಗಡಿಯೋ ಅಂತ ಕೂತು ಲೆಕ್ಕ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಉಚಿತ.

ಉಳಿದಂತೆ ಒಂದು ನೋಟ್‌ಬುಕ್ ಸಾಕು. ಯಾವ ದಿನ ಶುರುವಾಯಿತು, ಬೆಳಿಗ್ಗೆಯೋ ರಾತ್ರಿಯೋ, ಜ್ವರ ಎಷ್ಟು, ತುರಿಕೆ ಇದೆಯೋ, ಮನೆಯಲ್ಲಿ ಮತ್ತೆ ಯಾರಿಗೆ ಬಂತು, ಹೋದ ವರ್ಷ ಈ ತಿಂಗಳು ಹೇಗಿತ್ತು ಅಂತ ಬರೆದಿಡಿ. ಡಾಕ್ಟರು ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಆ ಹುಡುಗಿ ಈಗ ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತಾಳೆ, ಎರಡನೇ ಬೆಂಚಿನಲ್ಲಿ ಕೂತು.